ಬೆಳೆಯೋ ಮಕ್ಕಳು ಎಂತ ತಿನ್ಬೇಕು, ಹೆಂಗೆ ತಿನ್ಬೇಕು: ನಮ್ಮ ಉತ್ತರ ಕನ್ನಡದ ಅಡುಗೆಮನೆಯಿಂದಲೇ

ಇದು ಆರನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕದ ಮಕ್ಕಳಿಗೆ ಅಂತ ಬರೀತಾ ಇದ್ದೇನೆ, ಅಮ್ಮಂದಿರು ಅಜ್ಜಿಯಂದಿರು ಓದಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಅಡುಗೆಮನೆ ಅವರ ಕೈಯಲ್ಲೇ ಇರೂದು. ಹೆಲ್ದಿ ಡಯಟ್ ಅಂತ ಮೊಬೈಲಲ್ಲಿ ಹುಡುಕಿದ್ರೆ ಓಟ್ಸು, ಕಿನೋವಾ, ಅವಕಾಡೋ, ಬ್ಲೂಬೆರಿ ಅಂತ ಬರ್ತದೆ. ಅವು ಯಾವುದೂ ಬೇಡ. ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಯಾಗ್ಲಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಯಾಗ್ಲಿ, ದಿನಾ ಮಾಡೂ ಅಡುಗೆಯಲ್ಲೇ ನಿಮಗೆ ಬೇಕಾದ್ದು ಹೆಚ್ಚುಕಮ್ಮಿ ಎಲ್ಲ ಇದೆ. ತಪ್ತಾ ಇರೂದು ಅಳತೆ ಮತ್ತೆ ಹೊತ್ತು. ಅನ್ನ ಜಾಸ್ತಿ, ಅದರ ಪಕ್ಕದ್ದು ಕಮ್ಮಿ. ಬೆಳಿಗ್ಗೆ ಖಾಲಿ ಹೊಟ್ಟೆ, ಸಂಜೆ ಕರಿದಿದ್ದು. ತಿಂಡಿ ಜೊತೆಗೇ ಚಾ. ಈ ಮೂರನ್ನ ಸರಿ ಮಾಡ್ಕೊಂಡ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದ ಹಾಗೇ, ಉಳಿದದ್ದು ಒಂದೊಂದಾಗಿ ಹೇಳ್ತೇನೆ.

ಮೊದ್ಲು ಸ್ವಲ್ಪ ಲೆಕ್ಕ

ಹೈದರಾಬಾದಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ನ್ಯೂಟ್ರಿಷನ್ ಅಂತ ಇದೆ, ಭಾರತದವರಿಗೆ ಯಾವ ವಯಸ್ಸಲ್ಲಿ ಎಷ್ಟು ಆಹಾರ ಬೇಕು ಅಂತ ಲೆಕ್ಕ ಹಾಕೂದು ಅವರೇ. 2020ರ ಅವರ ಲೆಕ್ಕದ ಪ್ರಕಾರ 13ರಿಂದ 15 ವರ್ಷದ ಹುಡುಗರಿಗೆ ದಿನಕ್ಕೆ 2860 ಕಿಲೋಕ್ಯಾಲರಿ, ಹುಡುಗಿಯರಿಗೆ 2400. ಕೂತು ಕೆಲಸ ಮಾಡೂ ದೊಡ್ಡ ಗಂಡಸಿಗೆ ಬೇಕಾಗೂದು 2110, ಹೆಂಗಸಿಗೆ 1660. ಅಂದ್ರೆ ಇಡೀ ದಿನ ಆಫೀಸಲ್ಲಿ ಕೂತಿರೂ ಅಪ್ಪನಿಗಿಂತ ಒಂಬತ್ತನೇ ಕ್ಲಾಸಿನ ಮಗನಿಗೆ ಹೆಚ್ಚು ಊಟ ಬೇಕು, ಅಮ್ಮನಿಗಿಂತ ಎಂಟನೇ ಕ್ಲಾಸಿನ ಮಗಳಿಗೆ ಹೆಚ್ಚು ಬೇಕು. ಹಾಗಾಗಿ ಶಾಲೆಯಿಂದ ಬಂದ ತಕ್ಷಣ ಡಬ್ಬಿ ಎಲ್ಲ ತೆಗೆದು ನೋಡೂ ಹಸಿವು ಇದೆಯಲ್ಲ, ಅದು ಹೊಟ್ಟೆಬಾಕತನ ಅಲ್ಲ, ಬೆಳವಣಿಗೆ. ಹುಡುಗಿಯರು ಹೆಚ್ಚಾಗಿ 10ರಿಂದ 13ರ ಒಳಗೆ ಉದ್ದ ಆಗ್ತಾರೆ, ಹುಡುಗರು 12ರಿಂದ 15ರ ಹೊತ್ತಿಗೆ, ಒಬ್ಬೊಬ್ಬರದ್ದು ಒಂದೆರಡು ವರ್ಷ ಹಿಂದೆ ಮುಂದೆ ಆಗ್ತದೆ, ಅದಕ್ಕೆ ಹೆದರೂದು ಬೇಡ.

ಪ್ರೋಟೀನು ದಿನಕ್ಕೆ ಹುಡುಗರಿಗೆ ಸುಮಾರು 45 ಗ್ರಾಂ, ಹುಡುಗಿಯರಿಗೆ 43. ಕ್ಯಾಲ್ಸಿಯಂ ಇಬ್ಬರಿಗೂ 1000 ಮಿಲಿಗ್ರಾಂ. ಕಬ್ಬಿಣ ಹುಡುಗರಿಗೆ 22 ಮಿಲಿಗ್ರಾಂ, ಹುಡುಗಿಯರಿಗೆ 30. ಈ ನಂಬರ್ ಎಲ್ಲ ಬಾಯಿಪಾಠ ಮಾಡ್ಬೇಕಾಗಿಲ್ಲ, ಮುಂದೆ ಅದು ತಟ್ಟೆಯಲ್ಲಿ ಎಷ್ಟಾಗ್ತದೆ ಅಂತ ಹೇಳೂಕೆ ಬೇಕಾಗ್ತದೆ ಅಂತ ಹಾಕಿದೆ.

ಬಡಿಸಿಕೊಳ್ಳೂ ಕ್ರಮ ಬದಲ್ಸಿ

ನಮ್ಮಲ್ಲಿ ತಟ್ಟೆಗೆ ಮೊದ್ಲು ಅನ್ನ ಬೀಳ್ತದೆ, ಅದೂ ಗುಡ್ಡದ ಹಾಗೆ, ಆಮೇಲೆ ಜಾಗ ಉಳಿದ್ರೆ ಪಲ್ಯ. ಇದನ್ನ ತಿರುಗಿಸಿ. ಮೊದ್ಲು ಪಲ್ಯ ಹಾಕ್ಕೊಳ್ಳಿ, ಒಂದು ಸೌಟು ಅಲ್ಲ ಎರಡು ಸೌಟು, ಆಮೇಲೆ ಬೇಳೆಯೋ ಕಾಳೋ ಮೀನೋ ಮೊಟ್ಟೆಯೋ, ಕೊನೆಗೆ ಅನ್ನ. ತಟ್ಟೆಯ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಅನ್ನ ಇಲ್ಲಾ ರೊಟ್ಟಿ, ಕಾಲು ಭಾಗ ಪ್ರೋಟೀನು ಅಂತ ಸಾಮಾನ್ಯವಾಗಿ ಹೇಳ್ತಾರೆ. ಕಟ್ಟುನಿಟ್ಟಾಗಿ ಅಳೀಬೇಕು ಅಂತಿಲ್ಲ, ಅದರ ಹತ್ರ ಹತ್ರ ಬಂದ್ರೆ ಸಾಕು. ಹಸಿವಾದ್ರೆ ಎರಡನೇ ಸಲ ಅನ್ನ ಹಾಕ್ಕೊಳ್ಳಿ, ಆದ್ರೆ ಎರಡನೇ ಸಲವೂ ಪಲ್ಯ, ಬೇಳೆ ಜೊತೆಗೇ ಬರ್ಬೇಕು, ಬರೀ ಅನ್ನಕ್ಕೆ ಮಜ್ಜಿಗೆ ಸುರ್ಕೊಂಡು ಮುಗಿಸೂದಲ್ಲ.

ಅನ್ನ ಬಿಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಆಡೂ ವಯಸ್ಸಿನ ಮಕ್ಕಳಿಗೆ ಅನ್ನ ಬೇಕು. ಕರಾವಳಿಯಲ್ಲಿ ಇನ್ನೂ ಸುಮಾರು ಮನೆಗಳಲ್ಲಿ ಕುಚಲಕ್ಕಿ ಗಂಜಿ ಇದೆ, ಕುಮಟಾದ ಗಜನಿ (ಉಪ್ಪುನೀರು ಬರೂ) ಗದ್ದೆಯಲ್ಲಿ ಬೆಳೆಯೂ ಕಗ್ಗ ಭತ್ತದ ಕೆಂಪಕ್ಕಿ ಕೆಲವರ ಮನೆಯಲ್ಲಾದ್ರೂ ಸಿಗ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಅದರಲ್ಲಿ ನಾರು, ಬಿ ವಿಟಮಿನ್ನು ಹೆಚ್ಚು, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ತದೆ. ಮನೆಯಲ್ಲಿ ಅದು ಇದ್ದೂ ನೀವು ಬಿಳಿ ಅನ್ನವೇ ಬೇಕು ಅಂತ ಹಟ ಮಾಡ್ತಾ ಇದ್ರೆ ದಯವಿಟ್ಟು ಒಂದು ಹೊತ್ತಾದ್ರೂ ಕೆಂಪಕ್ಕಿಗೆ ಬನ್ನಿ.

ಬೆಳಿಗ್ಗೆ ಬಸ್ಸಿಗೆ ಓಡೂ ಮಕ್ಕಳಿಗೆ

ಹಳ್ಳಿಯಿಂದ ಶಿರಸಿ ಪೇಟೆಗೋ ಕಾರವಾರಕ್ಕೋ ಬರೂ ಮಕ್ಕಳು ಬೆಳಿಗ್ಗೆ ಏಳು ಏಳೂವರೆ ಬಸ್ಸು ಹಿಡೀಬೇಕು, ಅವರದ್ದು ಹೆಚ್ಚಿನ ದಿನ ಒಂದು ಲೋಟ ಚಾ ಎರಡು ಬಿಸ್ಕಿಟು ಅಷ್ಟೇ, ಆಮೇಲೆ ಮಧ್ಯಾಹ್ನದ ತನಕ ಎಂತದೂ ಇಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಉಂಡಿದ್ದು ಅಂದ್ರೆ ಮಧ್ಯಾಹ್ನ ಒಂದಕ್ಕೆ ಹದಿನೇಳು ತಾಸಾಯ್ತು. ಮೂರನೇ ಪೀರಿಯಡ್ಡಿಗೆ ತಲೆ ನೋಯೂದು, ಪಾಠ ತಲೆಗೆ ಹೋಗ್ದೇ ಇರೂದು, ಪ್ರೇಯರಲ್ಲಿ ತಲೆ ತಿರುಗೂದು, ಇದಕ್ಕೆಲ್ಲ ಬೇರೆ ಕಾರಣ ಹುಡುಕೂ ಮೊದ್ಲು ತಿಂಡಿ ತಿಂದಿದ್ದಾ ಅಂತ ಕೇಳ್ಬೇಕು.

ಬೆಳಿಗ್ಗೆ ಎದ್ದ ತಕ್ಷಣ ತಿನ್ಲಿಕ್ಕೆ ಆಗೂದಿಲ್ಲ ಅನ್ನೂ ಮಕ್ಕಳು ಎದ್ದಾಗ ಒಂದು ಲೋಟ ಹಾಲು ಇಲ್ಲಾ ಹಾಲು ಹಾಕಿದ ಜೀರಿಗೆ ಕಷಾಯ ಕುಡಿದು, ತಿಂಡಿಯನ್ನ ಡಬ್ಬಿಗೆ ಹಾಕ್ಕೊಂಡು ಬಸ್ಸಲ್ಲೋ ಶಾಲೆ ಬೆಲ್ಲಿಗೆ ಮೊದ್ಲೋ ತಿನ್ನಿ. ಹತ್ತು ನಿಮಿಷದ ತಿಂಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ತೆಳು ಅವಲಕ್ಕಿಗೆ ಮೊಸರು, ಮೇಲೊಂದು ಬಾಳೆಹಣ್ಣು. ರಾತ್ರಿಯೇ ನೆನೆಸಿಟ್ಟ ಹೆಸರುಕಾಳಿಗೆ ಕಾಯಿತುರಿ. ದೋಸೆ ಇದ್ರೆ ಜೋನಿ ಬೆಲ್ಲ ತುಪ್ಪದ ಜೊತೆ ಒಂದು ತಿಂದು ಉಳಿದ ಎರಡನ್ನ ಕಾಯಿ ಶೇಂಗಾ ಚಟ್ನಿಗೋ ಹಿಂದಿನ ದಿನದ ಹುಳಿಗೋ ಹಚ್ಕೊಂಡು ತಿನ್ನಿ. ಜೋನಿ ಬೆಲ್ಲ ರುಚಿ ಹೌದು, ನಮ್ಮ ಕಡೆಯ ಹೆಮ್ಮೆಯೂ ಹೌದು, ಆದ್ರೆ ಅದೂ ಸಕ್ಕರೆಯೇ, ದೋಸೆ ಬೆಲ್ಲ ಅಂತ ನಾಲ್ಕು ದೋಸೆ ತಿಂದ್ರೆ ಅದ್ರಲ್ಲಿ ಪ್ರೋಟೀನು ಬಹಳ ಕಮ್ಮಿ, ಹತ್ತು ಗಂಟೆಗೆ ಮತ್ತೆ ಹಸಿವೆ. ಕರಾವಳಿ ಮಕ್ಕಳು ಗಂಜಿ ಜೊತೆ ನಿನ್ನೆಯ ಮೀನು ಸಾರು ಉಂಡು ಹೋಗ್ತಾರಲ್ಲ, ಅದಕ್ಕೆ ನಾಚಿಕೆ ಪಟ್ಕೊಳ್ಬೇಡಿ, ಕ್ಲಾಸಲ್ಲಿ ಬೇರೆಯವರು ಕಾರ್ನ್‌ಫ್ಲೇಕ್ಸು ತಿಂದು ಬಂದಿದ್ದಕ್ಕಿಂತ ನಿಮ್ಮದೇ ಗಟ್ಟಿ ತಿಂಡಿ.

ಪ್ರೋಟೀನು: ಘಟ್ಟದ ಕೆಳಗೆ

ಮೀನು ತಿನ್ನೂ ಮನೆಯವರಿಗೆ ಇದು ಕಷ್ಟವೇ ಅಲ್ಲ. ಮಧ್ಯಮ ಗಾತ್ರದ ಒಂದು ಬಂಗಡೆಯಲ್ಲಿ ಮುಳ್ಳು ತೆಗೆದು ತಿನ್ನೂ ಭಾಗ 70-80 ಗ್ರಾಂ ಅಂತ ಹಿಡಿದ್ರೂ 14-15 ಗ್ರಾಂ ಪ್ರೋಟೀನು ಸಿಕ್ತದೆ, ಅಂದ್ರೆ ದಿನದ ಮೂರನೇ ಒಂದು ಪಾಲು ಒಂದೇ ಮೀನಲ್ಲಿ. ಮೇಲಿಂದ ಬಂಗಡೆ, ತಾರ್ಲೆ (ಬೂತಾಯಿ) ಎರಡರಲ್ಲೂ ಒಮೆಗಾ-3 ಕೊಬ್ಬು ಇದೆ, ಅದು ಮಿದುಳಿಗೂ ಹೃದಯಕ್ಕೂ ಒಳ್ಳೇದು. ಇಸ್ವಾಣ, ಪಾಪ್ಲೆಟ್ ತಂದ್ರೆ ಮಾತ್ರ ಒಳ್ಳೆ ಮೀನು ಅಂತ ಅಂದ್ಕೊಳ್ಳೂದು ಸರಿಯಲ್ಲ, ಮಕ್ಕಳಿಗೆ ಬೇಕಾದ್ದು ಕಮ್ಮಿ ರೇಟಿನ ಸಣ್ಣ ಮೀನಲ್ಲೇ ಚೆನ್ನಾಗಿ ಇದೆ. ಸಣ್ಣ ತಾರ್ಲೆ ಹುಳಿ ಹಾಕಿ ಮೆತ್ತಗೆ ಬೇಯಿಸಿದ್ರೆ ಮುಳ್ಳು ಸಮೇತ ತಿನ್ಬಹುದು, ಆ ಮುಳ್ಳಲ್ಲಿ ಕ್ಯಾಲ್ಸಿಯಂ ಇದೆ. ಅಘನಾಶಿನಿ ಹೊಳೆಯ ಬೆಳಚು (ಚಿಪ್ಪುಮೀನು) ಸಿಕ್ಕಿದ್ರಂತೂ ಬಿಡ್ಬೇಡಿ, ಅದ್ರಲ್ಲಿ ಕಬ್ಬಿಣ, ವಿಟಮಿನ್ ಬಿ12 ಎರಡೂ ಚೆನ್ನಾಗಿದೆ. ಶೆಟ್ಲಿ (ಸಿಗಡಿ), ಏಡಿ, ಬೆಳಚು ತಿಂದಾಗ ಮೈ ತುರಿಕೆ, ತುಟಿ ಬಾಯೂದು ಆಗೂ ಮಕ್ಕಳಿದ್ದಾರೆ, ಅವರಿಗೆ ಅದು ಅಲರ್ಜಿ, ಸ್ವಲ್ಪ ಸ್ವಲ್ಪ ತಿಂದ್ರೆ ಅಭ್ಯಾಸ ಆಗ್ತದೆ ಅಂತ ಒತ್ತಾಯ ಮಾಡೂದು ಅಪಾಯ, ಡಾಕ್ಟರ್ ಹತ್ರ ಕೇಳಿ.

ಮೀನನ್ನ ದಿನಾ ಎಣ್ಣೆಯಲ್ಲಿ ಮುಳುಗಿಸಿ ಕರೀಬೇಡಿ. ಸಾರು ಮಾಡಿ, ಇಲ್ಲಾ ಕಾವಲಿ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಕಾಯಿಸಿ, ವಾರಕ್ಕೊಂದು ದಿನ ರವೆ ಹಚ್ಚಿ ಫ್ರೈ ಮಾಡಿ ಸಾಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯೂ ಹಾಗಿಲ್ಲ, ಆ ಎರಡು ತಿಂಗಳು ತಾಜಾ ಮೀನು ಕಮ್ಮಿ, ರೇಟು ಏರ್ತದೆ, ಆಗ ಮನೆಯಲ್ಲಿ ಒಣಮೀನು ಹೊರಗೆ ಬರ್ತದೆ. ಒಣಮೀನಲ್ಲಿ ಪ್ರೋಟೀನು ಇದೆ ಆದ್ರೆ ಉಪ್ಪು ಸಿಕ್ಕಾಪಟ್ಟೆ ಇದೆ, ಹಾಗಾಗಿ ಚೆನ್ನಾಗಿ ನೆನೆಸಿ ತೊಳೆದು, ಬದಿಗೆ ಸ್ವಲ್ಪ ಇಟ್ಕೊಂಡು ಉಣ್ಣಿ, ಹೊಟ್ಟೆ ತುಂಬೂಕೆ ಅಲ್ಲ. ಆ ಮಳೆಗಾಲದ ದಿನಗಳಲ್ಲಿ ಮೊಟ್ಟೆ, ಹುರುಳಿ, ಅಲಸಂದೆ, ಒಣ ವಟಾಣಿ ಹೆಚ್ಚು ಮಾಡ್ಬೇಕು.

ಪ್ರೋಟೀನು: ಘಟ್ಟದ ಮೇಲೆ

ಇಲ್ಲಿ ನಾನು ಸ್ವಲ್ಪ ನೇರ ಹೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. ಶಿರಸಿ ಸೀಮೆಯ ಸಸ್ಯಾಹಾರಿ ಊಟ ನನಗೆ ಬಹಳ ಇಷ್ಟ, ಸೊಪ್ಪು ಸದೆ ಅಷ್ಟು ಬಗೆಯಲ್ಲಿ ಬಳಸೂ ಅಡುಗೆ ಬೇರೆ ಕಡೆ ಸಿಗೂದು ಕಷ್ಟ. ಆದ್ರೆ ಬೆಳೆಯೋ ಮಕ್ಕಳ ಲೆಕ್ಕದಲ್ಲಿ ನೋಡಿದ್ರೆ ಒಂದು ಕೊರತೆ ಕಾಣ್ತದೆ. ಬೇಸಿಗೆಯ ಒಂದು ದಿನ ಒಂದೆಲಗದ ತಂಬುಳಿ, ಅಪ್ಪೆಹುಳಿ, ಮೊಗೆಕಾಯಿ ಹಸಿ (ಮೊಸರು ಪಚಡಿ), ಹಪ್ಪಳ, ಅನ್ನ, ನೀರು ಮಜ್ಜಿಗೆ ಅಂತ ಊಟ ಆಯ್ತು ಅಂದ್ಕೊಳ್ಳಿ. ಹೊಟ್ಟೆಗೆ ತಂಪು, ರುಚಿ, ಎಲ್ಲ ಹೌದು. ಅದ್ರಲ್ಲಿ ಪ್ರೋಟೀನು ಎಲ್ಲಿದೆ? ತಂಬುಳಿಯಲ್ಲಿರೂದು ಸೊಪ್ಪು, ಕಾಯಿ, ಮಜ್ಜಿಗೆ. ಅಪ್ಪೆಹುಳಿಯಲ್ಲಿರೂದು ಮಾವಿನಕಾಯಿ ಹುಳಿನೀರು, ಒಗ್ಗರಣೆ. ಬೇಳೆ ಒಂದು ಹಿಡಿಯೂ ಬೀಳ್ಲಿಲ್ಲ. ಅಪ್ಪ ಅಮ್ಮನಿಗೆ ಅದು ನಡೀತದೆ, ಹದಿಮೂರರ ಮಗಳಿಗೆ ನಡೆಯೂದಿಲ್ಲ.

ತಂಬುಳಿ ಬಿಡಿ ಅಂತ ನಾನು ಖಂಡಿತ ಹೇಳೂದಿಲ್ಲ. ತಂಬುಳಿ ಇರೂ ದಿನ ಬದಿಗೆ ಒಂದು ಬಟ್ಟಲು ಗಟ್ಟಿ ಬೇಳೆ ತೊವ್ವೆ ಇರ್ಲಿ, ಇಲ್ಲಾ ಕಡಲೆ ಉಸುಳಿ, ಇಲ್ಲಾ ಹಸಿಗೆ ನೆನೆಸಿದ ಹೆಸರುಬೇಳೆ ಸೇರಿಸಿ. ನೀರು ಮಜ್ಜಿಗೆ ಬದಲು ಮಕ್ಕಳಿಗೆ ಒಂದು ಬಟ್ಟಲು ಗಟ್ಟಿ ಮೊಸರು ಹಾಕಿ. ಅನ್ನದಲ್ಲೂ ಪ್ರೋಟೀನು ಇದೆ, ಆದ್ರೆ ಅದ್ರಲ್ಲಿ ಲೈಸಿನ್ ಅನ್ನೂ ಅಂಶ ಕಮ್ಮಿ, ಬೇಳೆಯಲ್ಲಿ ಅದು ಜಾಸ್ತಿ. ಬೇಳೆಯಲ್ಲಿ ಮೆಥಿಯೋನಿನ್ ಕಮ್ಮಿ, ಅದು ಅನ್ನದಲ್ಲಿದೆ. ಎರಡೂ ಸೇರಿದ್ರೆ ಮೈಗೆ ಪೂರ್ತಿ ಸಿಕ್ತದೆ. ಹಲಸಿನ ಬೇಳೆ ಪಲ್ಯ, ಸಾರು ಮಾಡಿ ತಿನ್ನಿ, ಒಳ್ಳೇದೇ, ಆದ್ರೆ ಅದ್ರಲ್ಲಿ ಪಿಷ್ಟವೇ ಹೆಚ್ಚು, ತೊಗರಿ ಹೆಸರಿನ ಜಾಗ ಅದು ತುಂಬೂದಿಲ್ಲ.

ಸುಮ್ನೆ ಒಂದು ಅಂದಾಜಿಗೆ ಹೇಳ್ತೇನೆ, ಒಂದು ಹಿಡಿ ಅಂದ್ರೆ 30 ಗ್ರಾಂ ಒಣ ಹೆಸರುಕಾಳಲ್ಲಿ 7 ಗ್ರಾಂ ಹತ್ರ ಪ್ರೋಟೀನು, ಅಷ್ಟೇ ಶೇಂಗಾದಲ್ಲೂ ಅಷ್ಟೇ, 200 ಮಿಲಿ ಹಾಲಲ್ಲಿ 6 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ದಿನಕ್ಕೆ ಒಂದು ಹಿಡಿ ಕಾಳು, ಒಂದು ಬಟ್ಟಲು ಬೇಳೆ, ಎರಡು ಲೋಟ ಹಾಲು ಮೊಸರು, ಒಂದು ಹಿಡಿ ಶೇಂಗಾ, ಜೊತೆಗೆ ಅನ್ನ ದೋಸೆ ಇದ್ರೆ 45 ಗ್ರಾಂ ಆರಾಮ ದಾಟ್ತದೆ. ಅದಕ್ಕೆ ಡಬ್ಬಿ ಪ್ರೋಟೀನ್ ಪೌಡರ್ ಬೇಡವೇ ಬೇಡ. ಜಿಮ್ಮಿಗೆ ಹೋಗೂ ಅಣ್ಣಂದಿರು ಹೇಳಿದ್ರು ಅಂತ ಎಂಟನೇ ಕ್ಲಾಸಿನ ಹುಡುಗರು ಅದನ್ನ ತರ್ಸೂದು ಕೇಳಿ ನನಗೆ ನಿಜವಾಗ್ಲೂ ಚಿಂತೆ ಆಗ್ತದೆ, ಆ ದುಡ್ಡಿಗೆ ತಿಂಗಳಿಡೀ ಶೇಂಗಾ, ಮೊಟ್ಟೆ, ಹಾಲು ಬರ್ತದೆ.

ಶಾಲೆ ಊಟದ ವಿಷಯ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಹಾಲು ವಾಸನೆ ಅಂತ ಚೆಲ್ಲೂ ಮಕ್ಕಳಿದ್ದಾರೆ, ದಯವಿಟ್ಟು ಕುಡೀರಿ. ಬಾಳೆಹಣ್ಣು ತಗೊಳ್ಳೂ ಮಕ್ಕಳು ಒಂದು ನೆನಪಿಡಿ, ಬಾಳೆಹಣ್ಣು ಒಳ್ಳೆ ಹಣ್ಣು ಆದ್ರೆ ಅದ್ರಲ್ಲಿ ಪ್ರೋಟೀನು ಒಂದು ಗ್ರಾಂ ಹತ್ರ ಅಷ್ಟೇ, ಮೊಟ್ಟೆಯ ಪಾಲಿಂದು ಮನೆಯಲ್ಲಿ ಕಾಳಿನ ಲೆಕ್ಕದಲ್ಲಿ ಸೇರಿಸ್ಕೊಳ್ಬೇಕು. ಮೀನು, ಮೊಟ್ಟೆ ಎರಡೂ ತಿನ್ನದ ಮನೆಯಲ್ಲಿ ಬಿ12 ಸಿಗೂದು ಹಾಲು ಮೊಸರಿಂದ ಮಾತ್ರ, ಹಾಗಾಗಿ ಹಾಲು ಬೇಡ ಅನ್ನೂ ಮಕ್ಕಳ ಬಗ್ಗೆ ಡಾಕ್ಟರ್ ಹತ್ರ ಒಮ್ಮೆ ಮಾತಾಡಿ.

ರಕ್ತ ಕಮ್ಮಿ ಆಗೂದು, ಮುಖ್ಯವಾಗಿ ಹುಡುಗಿಯರಿಗೆ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದ್ತೀರಿ ಅಂದ್ರೆ ಇದನ್ನೇ ಓದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಜನರಿಗೆ ರಕ್ತಹೀನತೆ ಅಂತ ಬಂತು, ಹುಡುಗರಲ್ಲಿ 100ಕ್ಕೆ 31. ಅಂದ್ರೆ ನಿಮ್ಮ ಕ್ಲಾಸಿನ ಹುಡುಗಿಯರ ಬೆಂಚಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ಇರ್ಬಹುದು, ಯಾರಿಗೂ ಗೊತ್ತಿಲ್ಲದೇನೇ. ಮುಟ್ಟಾಗ್ಲಿಕ್ಕೆ ಶುರುವಾದ ಮೇಲೆ ತಿಂಗಳು ತಿಂಗಳು ರಕ್ತದ ಜೊತೆ ಕಬ್ಬಿಣ ಹೋಗ್ತದೆ, ಮೈಯೂ ಅದೇ ಹೊತ್ತಿಗೆ ಬೆಳೀತಾ ಇರ್ತದೆ, ಅದಕ್ಕೇ ಹುಡುಗಿಯರಿಗೆ 30 ಮಿಲಿಗ್ರಾಂ ಅಂತ ಹೇಳೂದು.

ಲಕ್ಷಣ ಎಂತ ಅಂದ್ರೆ ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು, ಯಾವಾಗ್ಲೂ ಸುಸ್ತು, ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿರೂದು, ಓದಿದ್ದು ನೆನಪಿಗೆ ನಿಲ್ಲದೇ ಇರೂದು, ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ಬೇಕು ಅಂತ ಆಸೆ ಆಗೂದು. ಡಬ್ಬಿಯಿಂದ ಹಸಿ ಅಕ್ಕಿ ಮುಕ್ಕೂ ಅಭ್ಯಾಸ ಇದ್ರೆ ಬೈದು ಬಿಡೂದಲ್ಲ, ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡ್ತಾರೆ. 12 ವರ್ಷ ದಾಟಿದ ಹುಡುಗಿಯರಿಗೆ ಹಿಮೋಗ್ಲೋಬಿನ್ 12ಕ್ಕಿಂತ (g/dL ಲೆಕ್ಕದಲ್ಲಿ) ಕಮ್ಮಿ ಬಂದ್ರೆ ರಕ್ತಹೀನತೆ.

ಊಟದಲ್ಲಿ ಎಂತ ಮಾಡ್ಬಹುದು? ಹುರುಳಿ, ಅಲಸಂದೆ, ಎಳ್ಳು, ಹರಿವೆ ಸೊಪ್ಪು, ನುಗ್ಗೆ ಸೊಪ್ಪು ಇವೆಲ್ಲ ದಿನಾ ಒಂದಲ್ಲ ಒಂದು ತಟ್ಟೆಗೆ ಬರ್ಲಿ. ಅಂಕೋಲಾ, ಕುಮಟಾ, ಗೋಕರ್ಣ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ತಾಜಾ ಊರ ಸೊಪ್ಪು ತರ್ತಾರಲ್ಲ, ಅಲ್ಲಿ ಒಂದು ಕಟ್ಟು ಹರಿವೆ ಮನೆಗೆ ಬಂದ್ರೆ ಸಾಕು. ಆದ್ರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತೂದು ಸ್ವಲ್ಪವೇ, ಅದು ಹೆಚ್ಚು ಹತ್ತಬೇಕು ಅಂದ್ರೆ ಜೊತೆಗೆ ವಿಟಮಿನ್ ಸಿ ಬೇಕು. ಪಲ್ಯ ಇಳಿಸಿದ ಮೇಲೆ ಅರ್ಧ ನಿಂಬೆ ಹಿಂಡಿ, ಊಟದ ಜೊತೆ ಒಂದು ಹಸಿ ನೆಲ್ಲಿಕಾಯಿ ಕಚ್ಚಿ, ಊಟ ಆದ ಮೇಲೆ ಪೇರಲ ಹಣ್ಣು ತಿನ್ನಿ, ಯಾವುದಾದ್ರೂ ಸರಿ. ಮೀನು, ಬೆಳಚು, ಕೋಳಿ ಇವುಗಳ ಕಬ್ಬಿಣ ಸುಲಭವಾಗಿ ಹತ್ತುತ್ತದೆ, ಜೊತೆಗಿದ್ದ ಸೊಪ್ಪಿನದ್ದೂ ಹೆಚ್ಚು ಹತ್ತುವ ಹಾಗೆ ಮಾಡ್ತದೆ.

ಚಾ. ಇದೇ ದೊಡ್ಡ ತೊಂದರೆ. ಚಾದಲ್ಲಿರೂ ಟ್ಯಾನಿನ್ ಊಟದ ಕಬ್ಬಿಣವನ್ನ ಹಿಡ್ಕೊಂಡು ಮೈಗೆ ಹೋಗ್ಲಿಕ್ಕೆ ಬಿಡೂದಿಲ್ಲ. ನಮ್ಮಲ್ಲಿ ಐದನೇ ಕ್ಲಾಸಿಗೇ ಮಕ್ಕಳಿಗೆ ಚಾ ಶುರು ಮಾಡ್ತಾರೆ, ಅದೂ ದೋಸೆ ಜೊತೆ, ಅವಲಕ್ಕಿ ಜೊತೆ. ಬಿಟ್ರೆ ಬಹಳ ಒಳ್ಳೇದು, ಬಿಡ್ಲಿಕ್ಕೆ ಆಗೂದೇ ಇಲ್ಲ ಅಂದ್ರೆ ತಿಂಡಿ ಊಟದಿಂದ ಒಂದು ತಾಸಾದ್ರೂ ದೂರ ಇಡಿ, ದಿನಕ್ಕೆ ಒಂದೇ ಸಣ್ಣ ಲೋಟ. ಮನೆಯಲ್ಲಿ ಕಷಾಯದ ರೂಢಿ ಇದ್ರೆ ಅದಕ್ಕೇ ಬದಲಾಯಿಸ್ಕೊಳ್ಳಿ.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, ಅದ್ರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತೆ ಫೋಲಿಕ್ ಆಸಿಡ್ ಇರ್ತದೆ. ಹೊಟ್ಟೆ ತೊಳಸ್ತದೆ ಅಂತ ಕಿಸೆಗೆ ಹಾಕ್ಕೊಂಡು ಬಂದು ಬಿಸಾಕೂ ಮಕ್ಕಳು ಬಹಳ. ಖಾಲಿ ಹೊಟ್ಟೆಯಲ್ಲಿ ತಗೊಳ್ಬೇಡಿ, ಬಿಸಿಯೂಟ ಆದ ಮೇಲೆ ನೀರಲ್ಲಿ ನುಂಗಿ, ಹಾಲು ಚಾ ಜೊತೆ ಬೇಡ. ಮರುದಿನ ಕಕ್ಕಸು ಕಪ್ಪಗೆ ಆದ್ರೆ ಹೆದರ್ಬೇಡಿ, ಅದು ಮಾತ್ರೆಯ ಕಬ್ಬಿಣದಿಂದ. ಫೆಬ್ರವರಿ 10, ಆಗಸ್ಟ್ 10ರ ಹೊತ್ತಿಗೆ ಜಂತುಹುಳದ ಮಾತ್ರೆ ಕೊಡ್ತಾರೆ, ಅದನ್ನೂ ತಪ್ಪಿಸ್ಬೇಡಿ, ತೋಟ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡೂ ನಮ್ಮ ಮಕ್ಕಳಿಗೆ ಕೊಕ್ಕೆಹುಳ ಹತ್ತೂ ಸಾಧ್ಯತೆ ಇದ್ದೇ ಇದೆ, ಅದು ಕರುಳಲ್ಲಿ ಕೂತು ರಕ್ತ ಹೀರ್ತದೆ, ಎಷ್ಟು ತಿಂದ್ರೂ ರಕ್ತ ಏರೂದಿಲ್ಲ. ಚಪ್ಪಲಿ ಹಾಕ್ಕೊಂಡು ತೋಟಕ್ಕೆ ಹೋಗಿ.

ಮೂಳೆ

ಈಗ ಕಟ್ಟಿದ ಮೂಳೆಯೇ ಮುಂದಿನ ಐವತ್ತು ವರ್ಷಕ್ಕೆ, ಹದಿನೆಂಟು ಇಪ್ಪತ್ತರ ಹೊತ್ತಿಗೆ ಮೂಳೆಯ ಗಟ್ಟಿತನ ಹೆಚ್ಚಿನದ್ದು ಆಗಿ ಮುಗೀತದೆ. 200 ಮಿಲಿಯ ಒಂದು ಲೋಟ ಹಾಲಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದ್ರೆ ಎರಡು ಲೋಟ ಹಾಲು ಮೊಸರಲ್ಲಿ ಅರ್ಧ ಆಯ್ತು. ಉಳಿದದ್ದಕ್ಕೆ ರಾಗಿ, ಎಳ್ಳು, ಸೊಪ್ಪು, ಸಣ್ಣ ಮೀನು. ರಾಗಿ ನಮ್ಮ ಕಡೆ ದಿನದ ಊಟದಲ್ಲಿ ಕಮ್ಮಿ, ಆದ್ರೆ 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದ್ರ ಹತ್ತರಲ್ಲಿ ಒಂದು ಪಾಲೂ ಇಲ್ಲ, ಹಾಗಾಗಿ ದೋಸೆ ಹಿಟ್ಟಿಗೆ ಒಂದು ಹಿಡಿ ರಾಗಿ ಹಿಟ್ಟು ಸೇರಿಸೂದು, ಸಂಜೆ ರಾಗಿ ಅಂಬಲಿ ಕುಡಿಯೂದು ಮಾಡ್ಬಹುದು. ಬಿಸಿಲಲ್ಲಿ ಆಡೂದು ಇದಕ್ಕೆ ಸೇರಿದ್ದೇ, ಬಿಸಿಲಿಂದ ಸಿಗೂ ವಿಟಮಿನ್ ಡಿ ಇಲ್ದೇ ಕ್ಯಾಲ್ಸಿಯಂ ಸರಿ ಹತ್ತೂದಿಲ್ಲ, ದಿನಕ್ಕೆ ಒಂದು ತಾಸು ಓಡೂದು, ಕಬಡ್ಡಿ, ವಾಲಿಬಾಲ್, ಕಡಲ ದಂಡೆಯಲ್ಲಿ ಕ್ರಿಕೆಟ್, ಎಂತದ್ದಾದ್ರೂ ಇರ್ಲಿ.

ಹಣ್ಣು, ಶರಬತ್ತು, ಬಾಟಲಿ

ಹಣ್ಣಂದ್ರೆ ಸೇಬು ಅಂತ ಯಾಕೆ ಅಂದ್ಕೊಳ್ತಾರೋ. ಬೇಸಿಗೆಯಲ್ಲಿ ಅಂಕೋಲಾದ ಇಶಾಡು ಮಾವು, ಹಲಸು, ಬನವಾಸಿ ಕಡೆಯ ಅನಾನಸು, ಆಮೇಲೆ ಪೇರಲ, ಚಿಕ್ಕು, ಪಪಾಯಿ, ವರ್ಷಪೂರ್ತಿ ಬಾಳೆ. ದಿನಕ್ಕೆ ಎರಡು ಸಲ ಯಾವುದಾದ್ರೂ ಒಂದು ಹಣ್ಣು, ಜ್ಯೂಸ್ ಮಾಡ್ದೇ ಹಾಗೇ ತಿನ್ನಿ. ಜ್ಯೂಸಲ್ಲಿ ನಾರು ಹೋಗ್ತದೆ, ಸಕ್ಕರೆ ಬೀಳ್ತದೆ. ಮುರುಗಲು ಶರಬತ್ತು ನಮ್ಮದು ಅಂತ ಮೂರು ಲೋಟ ಕುಡಿಯೂ ಹಾಗಿಲ್ಲ, ಅಂಗಡಿಯ ಸಿರಪ್ಪಲ್ಲಿ ಅರ್ಧಕ್ಕರ್ಧ ಸಕ್ಕರೆ ಇರ್ಬಹುದು. ಒಣ ಮುರುಗಲು ಸಿಪ್ಪೆ ನೆನೆಸಿ ಉಪ್ಪು ಜೀರಿಗೆ ಹಾಕಿ ಮಾಡಿದ್ರೆ ಬಾಯಾರಿಕೆಗೆ ಅದಕ್ಕಿಂತ ಒಳ್ಳೇದು ಇಲ್ಲ.

ದಿನಕ್ಕೆ ಮೇಲಿಂದ ಹಾಕಿದ ಸಕ್ಕರೆ 25 ಗ್ರಾಂ ದಾಟ್ಬಾರದು, ಅಂದ್ರೆ ಐದಾರು ಟೀ ಚಮಚ. 250 ಮಿಲಿಯ ಒಂದು ಕೋಲಾ ಬಾಟಲಿಯಲ್ಲಿ ಅಷ್ಟೂ ಮುಗಿದೇ ಹೋಗ್ತದೆ. ಬಾಟಲಿ ತಿರುಗಿಸಿ ಹಿಂದೆ ಓದೂ ಅಭ್ಯಾಸ ಮಾಡ್ಕೊಳ್ಳಿ, ಅಲ್ಲಿ 100 ಮಿಲಿಗೆ ಎಷ್ಟು ಸಕ್ಕರೆ ಅಂತ ಬರ್ದಿರ್ತದೆ, ನಿಮ್ಮ ಬಾಟಲಿ ಎಷ್ಟು ಮಿಲಿದು ಅಂತ ನೋಡಿ ಗುಣಿಸಿ. ಎನರ್ಜಿ ಡ್ರಿಂಕ್ ಅಂತ ಈಗ ಎಲ್ಲಾ ಗೂಡಂಗಡಿಯಲ್ಲೂ ಬಂದಿದೆ, ಅದ್ರ ಮೇಲೆಯೇ ಇದು ಮಕ್ಕಳಿಗಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ, ಅದ್ರಲ್ಲಿ ಕೆಫೀನ್ ಇದೆ, ನಿದ್ರೆ ಕೆಡ್ತದೆ, ಎದೆ ಡವಗುಟ್ತದೆ. ಪರೀಕ್ಷೆ ಸಮಯದಲ್ಲಿ ಅದನ್ನ ಕುಡಿದು ರಾತ್ರಿ ಓದೂದು ಖಂಡಿತ ಬೇಡ. ಈ ವಯಸ್ಸಲ್ಲಿ 8ರಿಂದ 10 ತಾಸು ನಿದ್ರೆ ಬೇಕು.

ಗೋಬಿ, ವಡಾಪಾವ್, ಪ್ಯಾಕೆಟ್ಟು

ಶಾಲೆ ಬಿಟ್ಟ ಹೊತ್ತಿಗೆ ಗಾಡಿ ಹತ್ರ ಗೋಬಿ ವಾಸನೆ ಬಂದ್ರೆ ಯಾರಿಗೆ ಆಸೆ ಆಗೂದಿಲ್ಲ. ಪೂರ್ತಿ ನಿಲ್ಲಿಸಿ ಅಂದ್ರೆ ಕದ್ದು ತಿಂತಾರೆ ಅಷ್ಟೇ. ವಾರಕ್ಕೊಂದು ಸಲ, ಒಂದು ಪ್ಲೇಟು ಇಬ್ಬರು ಮೂವರು ಸೇರಿ, ಅದೂ ಹೊಟ್ಟೆ ಪೂರ್ತಿ ಹಸಿದಾಗ ಅಲ್ಲ. ಹಸಿದು ನಿಂತಾಗ ಒಂದು ಪ್ಲೇಟಿಗೆ ನಿಲ್ಲೂದಿಲ್ಲ, ಹಾಗಾಗಿ ಮಧ್ಯಾಹ್ನದ ಡಬ್ಬಿಯಲ್ಲಿ ಸಂಜೆಗೂ ಒಂದು ಹಿಡಿ ಶೇಂಗಾ, ಹುರಿಗಡಲೆ, ಇಲ್ಲಾ ಬಾಳೆಹಣ್ಣು ಉಳಿಸ್ಕೊಳ್ಳಿ, ಬಸ್‌ಸ್ಟ್ಯಾಂಡಿಗೆ ಬರೂ ಮೊದ್ಲೇ ತಿನ್ನಿ. ಎಣ್ಣೆ ಕಪ್ಪಗೆ ಗಟ್ಟಿ ಆಗಿದ್ರೆ, ಬೆಳಿಗ್ಗೆಯಿಂದ ಅದೇ ಎಣ್ಣೆ ಕಾಯ್ತಾ ಇದ್ರೆ ಆ ಗಾಡಿ ಬಿಟ್ಟುಬಿಡಿ. ಪ್ಯಾಕೆಟ್ ಚಿಪ್ಸು, ಕುರುಕಲು, ನೂಡಲ್ಸಲ್ಲಿ ತೊಂದರೆ ಉಪ್ಪು ಮತ್ತೆ ಎಣ್ಣೆ ಎರಡೂ.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಒಂದು ಟೀ ಚಮಚ. ನಮ್ಮ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಅಂತ ಗೊತ್ತಾಗದೇ ಅದು ಎರಡು ಪಟ್ಟು ಆಗಿರ್ತದೆ, ಮಿಡಿ ಒಂದು ಊಟಕ್ಕೆ ಅರ್ಧ ಸಾಕು. ಸಾಣಿಕಟ್ಟಾದ ದಪ್ಪ ಉಪ್ಪು ಉಪ್ಪಿನಕಾಯಿಗೆ ಇರ್ಲಿ, ಮಕ್ಕಳ ದಿನದ ಅಡುಗೆಗೆ ಅಯೋಡಿನ್ ಹಾಕಿದ ಉಪ್ಪೇ ಬಳಸಿ.

ದಪ್ಪ, ತೆಳ್ಳಗೆ ಅನ್ನೂ ಮಾತು

ಈ ವಯಸ್ಸಲ್ಲಿ ಮೈ ಆಕಾರ ಬದಲಾಗ್ತದೆ, ಹುಡುಗಿಯರಿಗೆ ಸೊಂಟ ತೊಡೆ ತುಂಬ್ಕೊಳ್ತದೆ, ಕೆಲವು ಹುಡುಗರು ಉದ್ದ ಆಗೂ ಮೊದ್ಲು ಸ್ವಲ್ಪ ದಪ್ಪ ಆಗ್ತಾರೆ. ನೆಂಟರಿಷ್ಟರು ಮದುವೆ ಮನೆಯಲ್ಲಿ ಎಲ್ಲರೆದುರು "ಎಂತ ತಂಗಿ, ಇಷ್ಟು ದಪ್ಪ ಆಗಿದ್ದೆ" ಅಂತ ಕೇಳೂದು, ಆ ಹುಡುಗಿ ಮನೆಗೆ ಬಂದು ರಾತ್ರಿ ಊಟ ಬಿಡೂದು, ಇದು ನಿಲ್ಬೇಕು. ದೊಡ್ಡವರೇ, ದಯವಿಟ್ಟು ಕೇಳ್ಬೇಡಿ. ಮಕ್ಕಳೇ, ಊಟ ಬಿಟ್ರೆ ತೆಳ್ಳಗೆ ಆಗೂದಲ್ಲ, ರಕ್ತ, ಮೂಳೆ, ಉದ್ದ ಇವು ಕಮ್ಮಿ ಆಗೂದು. ತೂಕ ನಿಜವಾಗ್ಲೂ ಹೆಚ್ಚಿದೆ ಅನ್ನಿಸಿದ್ರೆ ಬಾಟಲಿ ಡ್ರಿಂಕು, ಬಿಸ್ಕಿಟು, ಕರಿದಿದ್ದು ಕಮ್ಮಿ ಮಾಡಿ ಆಟ ಹೆಚ್ಚು ಮಾಡಿ, ಊಟ ಬಿಡ್ಬೇಡಿ. ಯಾರಾದ್ರೂ ಗೆಳತಿ ದಿನಾ ಡಬ್ಬಿ ತುಂಬಾ ಹಾಗೇ ವಾಪಸ್ ಒಯ್ತಾ ಇದ್ರೆ, ತಿಂದು ಬಂದು ವಾಂತಿ ಮಾಡ್ತಾ ಇದ್ರೆ, ಮುಟ್ಟು ನಿಂತಿದ್ರೆ ಅದನ್ನ ಮುಚ್ಚಿಡ್ಬೇಡಿ, ನಂಬಿಕೆ ಇರೂ ಟೀಚರಿಗೋ ಅವಳ ಅಮ್ಮನಿಗೋ ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನಿಮ್ಮ ವಯಸ್ಸಿನವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರ್ತದೆ, ಅಲ್ಲಿ ಕೇಳ್ಬಹುದು.

ನೀವೇ ಮಾಡ್ಕೊಳ್ಳೂದು ಕಲೀರಿ

ಹುಡುಗ ಹುಡುಗಿ ಇಬ್ಬರೂ. ಅಮ್ಮ ಗದ್ದೆಗೋ ಕೆಲಸಕ್ಕೋ ಹೋದಾಗ ನೂಡಲ್ಸ್ ಪ್ಯಾಕೆಟ್ಟು ಹರಿಯೂ ಬದಲು ಎರಡು ಮೂರು ಅಡುಗೆ ಕೈಗೆ ಬಂದಿರ್ಬೇಕು.

ಹೆಸರುಕಾಳು ಉಸುಳಿ ಎಲ್ಲಕ್ಕಿಂತ ಸುಲಭ. ಬೆಳಿಗ್ಗೆ ಶಾಲೆಗೆ ಹೋಗೂ ಮೊದ್ಲು ಎರಡು ಹಿಡಿ ಕಾಳು ತೊಳೆದು ನೆನೆ ಹಾಕಿ, ಸಂಜೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಮರುದಿನ ಬೆಳಿಗ್ಗೆ ಮೊಳಕೆ ಬಂದಿರ್ತದೆ, ಮಳೆಗಾಲದ ಚಳಿಯಲ್ಲಿ ಇನ್ನೊಂದು ಹೊತ್ತು ಬೇಕಾಗ್ತದೆ. ಮೊಳಕೆ ಹಸಿ ತಿನ್ನೂದಕ್ಕಿಂತ ಬೇಯಿಸೂದು ಒಳ್ಳೇದು, ಹೊಟ್ಟೆ ಕೆಡೂದಿಲ್ಲ. ಒಂದು ಚಮಚ ಎಣ್ಣೆಗೆ ಸಾಸಿವೆ, ಕರಿಬೇವು, ಒಂದು ಹಸಿಮೆಣಸು ಹಾಕಿ ಒಗ್ಗರಣೆ ಸಿಡಿದ ಮೇಲೆ ಕಾಳು, ಉಪ್ಪು, ಕೈಯಲ್ಲಿ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ, ಎಂಟು ಹತ್ತು ನಿಮಿಷ. ಇಳಿಸಿ ಕಾಯಿತುರಿ ಉದುರಿಸಿ, ಆರಿದ ಮೇಲೆ ನಿಂಬೆ ಹಿಂಡಿ. ಮೊಟ್ಟೆ ತಿನ್ನೂ ಮನೆಯಾದ್ರೆ ಕುದಿಯೂ ನೀರಲ್ಲಿ ಹತ್ತು ನಿಮಿಷ ಬಿಟ್ರೆ ಗಟ್ಟಿ ಮೊಟ್ಟೆ, ಅದನ್ನ ಹೆಚ್ಚಿ ಈರುಳ್ಳಿ ಟೊಮೆಟೊ ಜೊತೆ ಕಲಸಿ ಪಾವಿನ ಮಧ್ಯೆ ಇಟ್ರೆ ಸಂಜೆ ತಿಂಡಿ ಆಯ್ತು. ಸೊಪ್ಪು ಬೇಳೆ ಮಾಡೂದಾದ್ರೆ ಕುಕ್ಕರಲ್ಲಿ ತೊಗರಿ ಬೇಳೆ ಮೂರು ಸೀಟಿ ಆದ ಮೇಲೆ ಒಂದು ಕಟ್ಟು ಹರಿವೆ ಸೊಪ್ಪು ಹೆಚ್ಚಿ ಅದ್ರಲ್ಲೇ ಹಾಕಿ ಐದು ನಿಮಿಷ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ, ಮನೆಯಲ್ಲಿ ಬೆಳ್ಳುಳ್ಳಿ ಬಳಸೂದಿಲ್ಲ ಅಂದ್ರೆ ಇಂಗು ಹಾಕಿ. ಕುಕ್ಕರ್ ಮುಚ್ಚಳ ತೆಗೆಯೂದು ಮಾತ್ರ ಮೊದಲ ನಾಲ್ಕೈದು ಸಲ ದೊಡ್ಡವರ ಎದುರಿಗೇ ಮಾಡಿ, ಆವಿ ಪೂರ್ತಿ ಇಳಿದು ವಿಸಲ್ ಎತ್ತಿದ್ರೂ ಸದ್ದು ಬರದೇ ಇದ್ದ ಮೇಲೆಯೇ ತೆಗೀರಿ.